ಎನ್‌ಜಿಒ ಸಂಸ್ಥಾಪಕರ ಬಳಗಕ್ಕೆ ದುಡ್ಡು ಕೊಟ್ಟು ಸೇರಬೇಕಾ? ಕೆಲವು ವರ್ಷ ಒಳಗಿದ್ದವನ ಅನಿಸಿಕೆ

ಸಣ್ಣ ಟ್ರಸ್ಟ್ ನಡೆಸುವವರು ಯಾರೇ ಕೇಳಿದರೂ ಸೇರಿ ಅಂತಲೇ ಹೇಳುತ್ತೇನೆ. ಆದರೆ ಫಂಡ್ ಸಿಗುತ್ತದೆ ಅಂದುಕೊಂಡು ಸೇರಬೇಡಿ. ಇಲ್ಲಿ ಸಿಗುವುದು ಬೇರೆ.

ಮೊದಲು ಇದು ಏನು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ಒಂದು ಸಂಸ್ಥೆ ಬೇರೆ ಬೇರೆ ಜಿಲ್ಲೆಗಳ ಏಳೆಂಟು ಎನ್‌ಜಿಒ ಸಂಸ್ಥಾಪಕರನ್ನು ಒಂದು ಗುಂಪು ಮಾಡುತ್ತದೆ. ತಿಂಗಳಿಗೊಮ್ಮೆ ಜೂಮ್‌ನಲ್ಲಿ ಸೇರುವುದು, ವರ್ಷಕ್ಕೆರಡು ಸಲ ಎದುರಾಬದುರು ಕೂರುವುದು. ಇದರ ಜೊತೆ ಇಬ್ಬಿಬ್ಬರ ಜೋಡಿ. ಇಲ್ಲಿ ಗುರು-ಶಿಷ್ಯ ಅಂತ ಇಲ್ಲ, ಒಬ್ಬರಿಗೊಬ್ಬರು ಮೆಂಟರ್. ಸಂಸ್ಥೆಯ ಬಜೆಟ್ ನೋಡಿ ವರ್ಷದ ಶುಲ್ಕ ನಿಗದಿ ಮಾಡುತ್ತಾರೆ. ಅಲ್ಲಿ ಮಾತಾಡಿದ್ದು ಹೊರಗೆ ಹೋಗಬಾರದು ಅನ್ನುವುದು ಮೊದಲ ಕರಾರು. ಹಾಗಾಗಿ ಬಳಗದ ಹೆಸರು, ಜನರ ಹೆಸರು ಬರೆಯುತ್ತಿಲ್ಲ. ಕೆಳಗಿನ ಮಾತುಗಳನ್ನು ಅವರವರ ಒಪ್ಪಿಗೆ ಪಡೆದೇ ಹಾಕಿದ್ದೇನೆ.

ಕೂಟ ನಡೆಯುವ ರೀತಿ ನನಗೆ ತುಂಬಾ ಹಿಡಿಸಿತು. ಒಬ್ಬರು ತಮ್ಮ ಸಮಸ್ಯೆ ಹೇಳುತ್ತಾರೆ. ಉಳಿದವರು ಬರೀ ಪ್ರಶ್ನೆ ಕೇಳಬೇಕು. "ನೀವು ಹೀಗೆ ಮಾಡಿ" ಅನ್ನುವ ಹಾಗಿಲ್ಲ. ಕೊನೆಗೆ ಬೇಕಿದ್ದರೆ "ನಮ್ಮಲ್ಲಿ ಹೀಗಾಗಿತ್ತು" ಅನ್ನಬಹುದು, ಅಷ್ಟೆ. ಈ ಪದ್ಧತಿಯ ಬೇರು ಬ್ರಿಟನ್‌ನ ಕಲ್ಲಿದ್ದಲು ಗಣಿಗಳಲ್ಲಿದೆ. 1940ರ ದಶಕದಲ್ಲಿ ರೆಜ್ ರೆವನ್ಸ್ ಅನ್ನುವವರು ಗಣಿ ಮ್ಯಾನೇಜರ್‌ಗಳನ್ನು ಒಟ್ಟಿಗೆ ಕೂರಿಸಿ, ಹೊರಗಿನ ತಜ್ಞರ ಬದಲು ಅವರವರೇ ಪ್ರಶ್ನೆ ಕೇಳಿಕೊಂಡು ಕಲಿಯಲಿ ಅಂದರು. ನಮ್ಮ ಕ್ಷೇತ್ರದಲ್ಲಿ ಬುದ್ಧಿ ಹೇಳುವವರಿಗೆ ಬರವಿಲ್ಲ. ಸರಿಯಾದ ಪ್ರಶ್ನೆ ಕೇಳುವವರೇ ಕಡಿಮೆ.

ನನಗೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಹೇಳುತ್ತೇನೆ. ನಮ್ಮದು ಕೊಪ್ಪಳ ಜಿಲ್ಲೆಯಲ್ಲಿ ಮಕ್ಕಳ ಓದಿನ ಕೆಲಸ. ಸಿಬ್ಬಂದಿ ಬಿಟ್ಟು ಹೋಗುತ್ತಿದ್ದಾರೆ ಅಂತ ನಾನು ವಿವರಿಸುತ್ತಿದ್ದೆ. ಕೋಲಾರದ ಕಡೆಯ ಒಬ್ಬ ಮೇಡಂ, "ಸರ್, ನೀವು ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಸಂಬಳದ ಚೆಕ್‌ಗೆ ಸಹಿ ಯಾರು ಹಾಕುತ್ತಾರೆ?" ಅಂದರು. ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಯಾವ ತೀರ್ಮಾನಕ್ಕೂ ನನ್ನನ್ನೇ ಕಾಯಬೇಕಾದ ಕಡೆ ಒಳ್ಳೆಯ ಹುಡುಗರು ಯಾಕೆ ನಿಲ್ಲುತ್ತಾರೆ, ಅಲ್ವಾ? ಮುಂದಿನ ಟ್ರಸ್ಟ್ ಸಭೆಯಲ್ಲೇ ಠರಾವು ಮಾಡಿ ಇನ್ನೊಬ್ಬ ಟ್ರಸ್ಟಿಗೆ ಸಹಿಯ ಅಧಿಕಾರ ಕೊಟ್ಟೆವು. ಆಮೇಲೆ ಫೀಲ್ಡ್ ಖರ್ಚಿನ ತೀರ್ಮಾನವೂ ನಿಧಾನವಾಗಿ ಸಿಬ್ಬಂದಿಯ ಕೈಗೆ ಹೋಯಿತು.

ಕಾಗದಪತ್ರದ ವಿಷಯದಲ್ಲಂತೂ ಬಳಗದಿಂದ ಆದ ಉಪಕಾರ ಲೆಕ್ಕಕ್ಕೆ ಸಿಗುವಂಥದ್ದಲ್ಲ. ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಹಣ) ಮಾತುಕತೆಯಲ್ಲಿ "ನಿಮ್ಮ ಆಡಳಿತ ವೆಚ್ಚಕ್ಕೆ 5%ಗಿಂತ ಜಾಸ್ತಿ ಕೊಡೋಕೆ ಕಾನೂನಿನಲ್ಲಿ ಅವಕಾಶವಿಲ್ಲ" ಅಂತ ಪಟ್ಟು ಹಿಡಿದಿದ್ದರು. ಬಳಗದಲ್ಲಿ ಹೇಳಿದಾಗ ರಾಯಚೂರಿನ ಅಕ್ಕ ತಡೆದರು. "ಅದು ಅವರ ಆಫೀಸ್ ಖರ್ಚಿಗೆ ಐತ್ರಿ, ನಿಮ್ಮದಕ್ಕಲ್ಲ. ರೂಲ್ ತಗದು ಮುಂದ ಇಡ್ರಿ." ನಿಜವೇ. 2021ರ ತಿದ್ದುಪಡಿ ನಿಯಮದಲ್ಲಿರುವ 5% ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆ ರೂಪಿಸಲು, ಜಾರಿ ಮಾಡಲು, ಉಸ್ತುವಾರಿಗೆ ನೇರವಾಗಿ ಆಗುವ ಖರ್ಚು ಅದರಲ್ಲಿ ಬರುವುದಿಲ್ಲ. ಆ ಸಾಲುಗಳನ್ನೇ ಪ್ರಿಂಟ್ ತೆಗೆದು ಒಯ್ದೆ. ನಮ್ಮ ಮೇಲ್ವಿಚಾರಕರ ಸಂಬಳಕ್ಕೆ ಕತ್ತರಿ ಬೀಳದೆ ಬಜೆಟ್‌ನಲ್ಲೇ ಉಳಿಯಿತು.

ಹಾಗೆಯೇ ಮೇ ತಿಂಗಳು ಬಂದರೆ ವಾಟ್ಸ್‌ಆ್ಯಪ್‌ನಲ್ಲಿ "10ಬಿಡಿ ಹಾಕಿದ್ರಾ?" ಅಂತ ಯಾರಾದರೂ ಕೇಳುತ್ತಾರೆ. 80ಜಿ (ದಾನಿಗಳಿಗೆ ಆದಾಯ ತೆರಿಗೆ ರಿಯಾಯಿತಿ ಸಿಗುವ ಮಾನ್ಯತೆ) ಇರುವ ಸಂಸ್ಥೆಗಳು ದಾನಿಗಳ ವಿವರದ ಈ ಫಾರಂ ಅನ್ನು ಮೇ 31ರೊಳಗೆ ಸಲ್ಲಿಸಬೇಕು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಪೂರ್ತಿ ಸಮಯದ ಅಕೌಂಟೆಂಟ್ ಇಲ್ಲದವರಿಗೆ ಈ ಒಂದು ಮೆಸೇಜ್ ದೊಡ್ಡದು.

ಜೋಡಿ ಮೆಂಟರಿಂಗ್‌ನಲ್ಲಿ ನನಗೆ ಸಿಕ್ಕಿದ್ದು ಅದೇ ಕೋಲಾರದ ಮೇಡಂ. ಊರೂರಲ್ಲಿ ನಮ್ಮದೇ ಲೈಬ್ರರಿ ತೆರೆಯುವ ಯೋಚನೆ ಹೇಳಿಕೊಂಡಾಗ, ಪಂಚಾಯಿತಿ ಗ್ರಂಥಾಲಯ ಏನು ಮಾಡುತ್ತಿದೆ ಅಂತ ಕೇಳಿದರು. 2020ರಲ್ಲಿ ಸರ್ಕಾರದ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಈಗ ಅವು ಅರಿವು ಕೇಂದ್ರಗಳು. ಕಟ್ಟಡ ಇದೆ, ಪುಸ್ತಕ ಇದೆ, ಗ್ರಂಥಾಲಯ ಮೇಲ್ವಿಚಾರಕರಿದ್ದಾರೆ. ನಾವೀಗ ಅಲ್ಲೇ ಸಂಜೆ ಕಥೆ ಓದಿಸುತ್ತೇವೆ. ನಮ್ಮ ದುಡ್ಡು ಬಾಡಿಗೆಗೆ ಹೋಗದೆ ಓದಿಸುವವರ ತರಬೇತಿಗೆ ಹೋಗುತ್ತಿದೆ. ಬದಲಿಗೆ ಮೇಡಂ ತಮ್ಮ ದಾನಿಗಳಿಗೆ ಕಳಿಸುವ ವರದಿಯನ್ನು ನಾನು ಓದಿ ತಿದ್ದಿಕೊಡುತ್ತೇನೆ.

ಕೊರತೆಗಳೂ ಇವೆ. ನಡೆಸಿಕೊಡುವವರು ಮಾತು ಶುರುಮಾಡುವುದು ಇಂಗ್ಲಿಷ್‌ನಲ್ಲಿ, ಕಳಿಸುವ ಓದುವ ಸಾಮಗ್ರಿಯೂ ಇಂಗ್ಲಿಷ್. ಇಪ್ಪತ್ತು ವರ್ಷ ಹಳ್ಳಿಯಲ್ಲಿ ದುಡಿದ ಒಬ್ಬ ಹಿರಿಯರು ಮೊದಲ ಕೆಲವು ಕೂಟಗಳಲ್ಲಿ ಬಾಯೇ ಬಿಡಲಿಲ್ಲ. ಕನ್ನಡಕ್ಕೆ ಹೊರಳಿದ ದಿನ ಅವರಷ್ಟು ಮಾತಾಡಿದವರು ಬೇರೆ ಇಲ್ಲ. ಇದನ್ನು ನಾವು ಲಿಖಿತವಾಗಿಯೇ ಕೇಳಿದ್ದೇವೆ, ಇನ್ನೂ ಪೂರ್ತಿ ಸರಿಹೋಗಿಲ್ಲ. ಎದುರಾಬದುರು ಕೂಟ ಯಾವಾಗಲೂ ಬೆಂಗಳೂರಿನ ಸುತ್ತಮುತ್ತಲೇ. ಕಲ್ಯಾಣ ಕರ್ನಾಟಕದವರಿಗೆ ರಾತ್ರಿ ಬಸ್ಸು, ಮತ್ತೆ ರಾತ್ರಿ ಬಸ್ಸು. ಇನ್ನೊಂದು, ಕೋಟಿಗಟ್ಟಲೆ ಬಜೆಟ್ಟಿನವರನ್ನೂ ಮೂರು ಜನರ ಸಂಸ್ಥೆಯವರನ್ನೂ ಒಂದೇ ಗುಂಪಿಗೆ ಹಾಕಿದರೆ ಸುಮ್ನೆ ಇಬ್ಬರ ಸಮಯವೂ ಹಾಳು. ಅವರ ಚಿಂತೆ ಎಚ್‌ಆರ್ ಪಾಲಿಸಿ, ನಮ್ಮದು ಮುಂದಿನ ತಿಂಗಳ ಸಂಬಳ.

ಸಂಸ್ಥೆ ಈಗಷ್ಟೇ ಕಟ್ಟುತ್ತಿದ್ದೀರಿ ಅಂದರೆ ಇದಕ್ಕಿಂತ ಇನ್‌ಕ್ಯುಬೇಟರ್ (ಹೊಸ ಸಂಸ್ಥೆಗಳನ್ನು ಕೈಹಿಡಿದು ಬೆಳೆಸುವ ಕೇಂದ್ರ) ನೋಡಿ. ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್, ದಿ ನಡ್ಜ್‌ನಂಥವು ಹೊಸ ಎನ್‌ಜಿಒಗಳಿಗೇ ಕಾರ್ಯಕ್ರಮ ನಡೆಸಿವೆ. ಅಲ್ಲಿ ಕಲಿಸುವವರು ಇರುತ್ತಾರೆ. ಬಳಗ ಕೆಲಸಕ್ಕೆ ಬರುವುದು ನಾಲ್ಕೈದು ವರ್ಷ ದಾಟಿ, ಮನೆಯವರ ಹತ್ತಿರವೂ ಟ್ರಸ್ಟಿಗಳ ಹತ್ತಿರವೂ ಹೇಳಿಕೊಳ್ಳಲಾಗದ ಚಿಂತೆಗಳು ಸೇರಿಕೊಂಡ ಮೇಲೆ.

ಶುಲ್ಕ ಕಟ್ಟುವ ಮುಂಚೆ ನಿಮ್ಮ ಗುಂಪಿನಲ್ಲಿ ಯಾರಿರುತ್ತಾರೆ, ಅವರ ಬಜೆಟ್ ಎಷ್ಟು, ಕೂಟ ಯಾವ ಭಾಷೆಯಲ್ಲಿ ಅಂತ ಕೇಳಿ. ನಿಮಗೆ ದಾನ ಕೊಡುವವರು ಯಾರೂ ಆ ಕೋಣೆಯಲ್ಲಿ ಕೂರುವುದಿಲ್ಲ ಅನ್ನುವುದನ್ನೂ ಖಚಿತ ಮಾಡಿಕೊಳ್ಳಿ. ದಾನಿ ಎದುರಿಗಿದ್ದರೆ ಯಾರೂ ನಿಜ ಹೇಳುವುದಿಲ್ಲ. ನಾನಂತೂ ಮುಂದಿನ ವರ್ಷಕ್ಕೂ ಕಟ್ಟುತ್ತಿದ್ದೇನೆ. ಒಂದು ಕೂಟವನ್ನಾದರೂ ಹುಬ್ಬಳ್ಳಿಯಲ್ಲಿ ಇಡಿ ಅಂತ ಈ ಸಲವೂ ಬರೆದಿದ್ದೇನೆ.