ಬುಟ್ಟಿ ಬಲೆ, ದೀಪದ ಬಲೆ, ಕ್ಯಾಮೆರಾ ಬಲೆ: ಬನವಾಸಿಯಲ್ಲಿ ಒಂದು ಮುಂಗಾರು

ಫಾಲ್ ಸೈನಿಕ ಹುಳು (ಫಾಲ್ ಆರ್ಮಿವರ್ಮ್) ನಮ್ಮ ದೇಶದಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು 2018ರಲ್ಲಿ, ಪಕ್ಕದ ಶಿವಮೊಗ್ಗ ಜಿಲ್ಲೆಯ ಗೋವಿನಜೋಳದಲ್ಲಿ. ಸೊರಬ ದಾಟಿದರೆ ನಮ್ಮ ಬನವಾಸಿ. ಅಲ್ಲಿಂದೀಚೆಗೆ ಜೋಳ ಮೊಳಕಾಲೆತ್ತರ ಆಗುವಷ್ಟರಲ್ಲಿ ಸುಳಿಯೊಳಗೆ ಹಿಟ್ಟಿನಂಥ ಹಿಕ್ಕೆ ಕಾಣುವುದು ಮಾಮೂಲಾಗಿದೆ. ಹುಳು ಒಮ್ಮೆ ಸುಳಿ ಸೇರಿತೆಂದರೆ ಮೇಲಿಂದ ಹೊಡೆದ ಔಷಧ ಅದಕ್ಕೆ ತಾಗುವುದೇ ಕಷ್ಟ. ಹಾಗಾಗಿ ಮೊಟ್ಟೆಯಿಡುವ ಅದರ ಪತಂಗ ಯಾವ ರಾತ್ರಿ ಬಂತು ಎನ್ನುವುದು ಗೊತ್ತಾಗಬೇಕು. ಅದಕ್ಕೇ ಕಳೆದ ಮುಂಗಾರಿನಲ್ಲಿ ಒಂದೆಕರೆ ಜೋಳದಲ್ಲಿ ಮೂರು ಥರದ ಬಲೆ ಹಾಕಿ ನೋಡಿದೆ.

ದೀಪದ ಬಲೆಯದು ಬೇಗ ಹೇಳಿ ಮುಗಿಸುತ್ತೇನೆ. ಸೋಲಾರಿನದು, ಕತ್ತಲಾದಾಗ ತಾನೇ ಹೊತ್ತಿ ಮೂರ್ನಾಲ್ಕು ತಾಸಿಗೆ ಆರುತ್ತದೆ. ಗಂಡು ಹೆಣ್ಣು ಎರಡೂ ಬೀಳುತ್ತವೆ, ಅದು ಒಳ್ಳೆಯದೇ. ಆದರೆ ಮೊದಲ ಮಳೆಗೆ ಎದ್ದ ಗೆದ್ದಲಿನ ರೆಕ್ಕೆಹುಳಗಳೇ ಅರ್ಧ ಬಕೆಟ್ ತುಂಬಿದವು. ಜೊತೆಗೆ ನಮಗೆ ಉಪಕಾರಿಯಾದ ಗುಲಗಂಜಿ ಹುಳಗಳೂ ಬಿದ್ದು ಸತ್ತವು. ಹುಣ್ಣಿಮೆಯ ಆಸುಪಾಸಿನಲ್ಲಿ ಬಕೆಟ್ ಖಾಲಿ. ಗದ್ದೆಯ ಕಾಂಡಕೊರಕಕ್ಕೆ ಇಟ್ಟುಕೊಳ್ಳಬಹುದು, ಜೋಳಕ್ಕೆ ಬೇಡ.

ಬುಟ್ಟಿ ಬಲೆ, ಅಂದರೆ ಲೂರ್ (ಹೆಣ್ಣು ಪತಂಗದ ವಾಸನೆ ತುಂಬಿದ ಆಮಿಷ) ತೂಗುಹಾಕಿದ ಮೋಹಕ ಬಲೆ, ಎಕರೆಗೆ ಐದರಂತೆ ಹಾಕಿದೆ. ಆ ವಾಸನೆಗೆ ಮರುಳಾಗಿ ಗಂಡು ಬೀಳುತ್ತದೆ. ಲೂರನ್ನು ಫ್ರಿಜ್ಜಿನಲ್ಲಿ ಇಡಬೇಕು (ಮೊಸರಿನ ಪಕ್ಕ ಇಟ್ಟದ್ದಕ್ಕೆ ಮನೆಯಲ್ಲಿ ಬೈಸಿಕೊಂಡೆ), ತಿಂಗಳಿಗೊಮ್ಮೆ ಬದಲಿಸಬೇಕು. ಬಲೆ ಅಗ್ಗದ್ದು, ಕೆಡುವಂಥದ್ದು ಅದರಲ್ಲಿ ಏನೂ ಇಲ್ಲ. ಕೆಟ್ಟದ್ದು ನಾನು! ಜುಲೈನ ಜಡಿಮಳೆಯಲ್ಲಿ ದಿನಾ ಬೆಳಿಗ್ಗೆ ಕೊಪ್ಪೆ ಹೊದ್ದು ಹೋಗಿ ಸತ್ತ ಪತಂಗ ಎಣಿಸುವ ಉತ್ಸಾಹ ಒಂದು ವಾರಕ್ಕೇ ಇಳಿಯಿತು. ನಾಲ್ಕು ದಿನ ಬಿಟ್ಟು ಹೋದರೆ ಒಟ್ಟು ಲೆಕ್ಕ ಸಿಗುತ್ತದೆ, ಯಾವ ರಾತ್ರಿಯದು ಎಂಬುದು ಸಿಗುವುದಿಲ್ಲ. ಮೊಟ್ಟೆ ಒಡೆಯಲು ಎರಡು ಮೂರು ದಿನ ಸಾಕು.

ಕ್ಯಾಮೆರಾ ಬಲೆ ಗೆದ್ದದ್ದು ಇಲ್ಲೇ. ಲೂರ್ ಅದೇ, ಕೆಳಗೆ ಅಂಟು ಹಾಳೆ, ಮೇಲೆ ಕ್ಯಾಮೆರಾ. ದಿನಕ್ಕೊಂದು ಫೋಟೋ ಸಿಮ್ ಮೂಲಕ ಬಲೆ ಕೊಟ್ಟವರಿಗೆ ಹೋಗಿ, ಅಲ್ಲಿನ ಕಂಪ್ಯೂಟರ್ ಪ್ರತಿ ಪತಂಗಕ್ಕೂ ಚೌಕ ಹಾಕಿ ಲೆಕ್ಕ ಕಳಿಸುತ್ತದೆ. ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ಮೊಬೈಲ್ ನೋಡಿದರೆ ಹಿಂದಿನ ದಿನ ಎರಡಿದ್ದದ್ದು ಒಂಬತ್ತಾಗಿತ್ತು. ಮೂರನೆಯ ದಿನ ಹೊಲಕ್ಕಿಳಿದು ಡಬ್ಲ್ಯು ಆಕಾರದಲ್ಲಿ ನಡೆದು ನೂರು ಗಿಡ ನೋಡಿದೆ. ಆರರ ಎಲೆಯಲ್ಲಿ ಕಾಗದದಂಥ ಬಿಳಿ ಕಿಟಕಿಗಳು, ಹುಳ ಇನ್ನೂ ಎಳೆಯವು. ನೂರಕ್ಕೆ ಐದು ದಾಟಿದರೆ ಬೇವಿನ ಔಷಧ ಹೊಡೆಯಿರಿ ಎನ್ನುತ್ತಾರೆ ಕೃಷಿ ವಿಜ್ಞಾನಿಗಳು; 1500 ಪಿಪಿಎಂ ಸಾಂದ್ರತೆಯದನ್ನು ಲೀಟರಿಗೆ 5 ಮಿಲಿ ಬೆರೆಸಿ ಹೊಡೆದೆ. ಹಿಂದಿನ ವರ್ಷ ಕಣ್ಣುಮುಚ್ಚಿ ಮೂರು ಸಲ ಹೊಡೆದವನು ಈ ಸಲ ಒಂದಕ್ಕೆ ನಿಲ್ಲಿಸಿದೆ.

ಹಾಗಂತ ಆ ಪೆಟ್ಟಿಗೆಯನ್ನು ಪೂರ್ತಿ ನಂಬುವಂತೆಯೂ ಇಲ್ಲ. ಹುಲ್ಲಿನ ಬೇರೆ ಪತಂಗವನ್ನೂ ಸೈನಿಕ ಹುಳುವಿನ ಲೆಕ್ಕಕ್ಕೆ ಸೇರಿಸಿತು. ಅಂಟಿಗೆ ಬಿದ್ದದ್ದನ್ನು ತಿನ್ನಲು ಬಂದ ಹಲ್ಲಿ ತಾನೇ ಅಂಟಿಕೊಂಡು ಎರಡು ದಿನ ಫೋಟೋ ತುಂಬ ಅದೇ. ಆಮೇಲೆ ಹನ್ನೊಂದು ದಿನ ಬಿಸಿಲೇ ಬರಲಿಲ್ಲ, ಬ್ಯಾಟರಿ ಸತ್ತಿತು. ಕೊಟ್ಟವರಿಗೆ ಫೋನ್ ಮಾಡಿದರೆ "ಪ್ಯಾನೆಲ್ ಒರೆಸಿ ಸರ್" ಎಂದರು. ಪಕ್ಕದ ಹೊಲದ ಭಾವ ಬಗ್ಗಿ ನೋಡಿ, "ತಮಾ, ಇದಕ್ಕೆ ನಮ್ಮ ಮಳೆಗಾಲ ಗೊತ್ತಿಲ್ಲೆ ಕಾಣ್ತು" ಎಂದು ನಕ್ಕ.

ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ತಂದ ಎನ್‌ಪಿಎಸ್‌ಎಸ್ (ರಾಷ್ಟ್ರೀಯ ಕೀಟ ನಿಗಾ ವ್ಯವಸ್ಥೆ) ಆ್ಯಪ್ ಕೂಡ ಇದೆ. ಫೋಟೋ ಹಾಕಿದರೆ ಯಾವ ಹುಳು ಎಂದು ಹೇಳುತ್ತದೆ. ಅನುಮಾನ ಬಂದಾಗ ಸರಿ, ಆದರೆ ಹುಳು ಹಿಡಿದು ಫೋಟೋ ತೆಗೆಯಬೇಕಾದವರು ನಾವೇ.

ಈ ಮುಂಗಾರಿಗೆ ಬುಟ್ಟಿ ಬಲೆ ಐದೂ ಇರುತ್ತವೆ. ಕ್ಯಾಮೆರಾ ಮಾತ್ರ ನಾಲ್ಕು ಮನೆ ಸೇರಿ ಒಂದು, ಪಂಪ್‌ಸೆಟ್ಟಿನ ಕರೆಂಟಿನಿಂದ ಚಾರ್ಜ್ ಆಗುವಂತೆ. ಯಾರ ಹೊಲದಲ್ಲಿ ನಿಲ್ಲಿಸುವುದು ಎಂಬ ಜಗಳ ಇನ್ನೂ ಮುಗಿದಿಲ್ಲ.