ರಾಯಚೂರಿನ ಒಂದು ಸಂಖ್ಯಾಪದ್ಧತಿ ತರಗತಿ: ಪಾಠಕ್ಕೆ ಮೆಚ್ಚುಗೆ, ನೋಟ್ಸಿಗೆ ತಕರಾರು

ಮಗಳು ಪ್ರಥಮ ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವವಳಿದ್ದುದರಿಂದ, ಈ ಬೇಸಿಗೆಯಲ್ಲಿ ರಾಯಚೂರಿನ ಸ್ಟೇಷನ್ ರಸ್ತೆಯ ಕಡೆ ಇರುವ ಒಂದು ಕೋಚಿಂಗ್ ಕೇಂದ್ರದ ಎಂಟು ದಿನಗಳ ಸಂಖ್ಯಾಪದ್ಧತಿ ತರಗತಿಗೆ ಅವಳನ್ನು ಸೇರಿಸಿದ್ದೆ. ಶುಲ್ಕ 1,200 ರೂಪಾಯಿ, ದಿನಕ್ಕೆ ಒಂದೂವರೆ ತಾಸಿನ ಪಾಠ. ಮೊದಲ ದಿನ ಪಾಲಕರೂ ಕೂಡಬಹುದು ಎಂದಿದ್ದರು. ನಾನು ಎಂಟು ದಿನವೂ ಹಿಂದಿನ ಬೆಂಚು ಬಿಡಲಿಲ್ಲ. ದೂರೊಂದನ್ನು ಹೇಳಲಿಕ್ಕಿರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ.

ದಶಮಾನ ಸಂಖ್ಯೆಯನ್ನು, ಅಂದರೆ ನಾವು ದಿನವೂ ಬರೆಯುವ ಸಂಖ್ಯೆಯನ್ನು, 0 ಮತ್ತು 1 ಎಂಬ ಎರಡೇ ಅಂಕಿಗಳ ದ್ವಿಮಾನಕ್ಕೆ ಬದಲಿಸುವ ಪಾಠವನ್ನು ಮೇಷ್ಟ್ರು ಭಾಗಾಕಾರದಿಂದ ಆರಂಭಿಸದೆ ಗಂಜಿನ (ಧಾನ್ಯದ ಮಾರುಕಟ್ಟೆಯ) ತಕ್ಕಡಿಯಿಂದ ಆರಂಭಿಸಿದರು. 16, 8, 4, 2, 1 ಕಿಲೋ ತೂಕದ ಕಲ್ಲುಗಳು ಒಂದೊಂದೇ ಇವೆ, 26 ಕಿಲೋ ಜೋಳ ತೂಗಬೇಕು, ಯಾವ ಯಾವ ಕಲ್ಲು ಇಡುತ್ತೀರಿ ಎಂದು ಕೇಳಿದರು. (ಅಂಗಡಿಯ ನಿಜವಾದ ಕಲ್ಲುಗಳು 1, 2, 5, 10, 20 ಎಂದು ಹೋಗುತ್ತವೆ, ಆದ್ದರಿಂದ ಇವರ ಕಲ್ಲುಗಳು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿಯೇ ಇದ್ದವು.) 16 ಇಟ್ಟರು, 8 ಇಟ್ಟರು, 4 ಇಟ್ಟರೆ ಹೆಚ್ಚಾಗುತ್ತದೆಂದು ಬಿಟ್ಟರು, 2 ಇಟ್ಟರು, 1 ಬೇಕಾಗಲಿಲ್ಲ. ಇಟ್ಟ ಕಲ್ಲಿಗೆ 1, ಬಿಟ್ಟ ಕಲ್ಲಿಗೆ 0 ಬರೆದಾಗ 11010 ಎಂದಾಯಿತು. ದೇವದುರ್ಗದ ಕಡೆಯ ಹುಡುಗನೊಬ್ಬ ಎರಡು ಎಂಟರ ಕಲ್ಲು ಯಾಕಿರಬಾರದು ಎಂದು ಕೇಳಿದ್ದಕ್ಕೆ, ಎರಡು ಎಂಟು ಇಡುವ ಬದಲು ಹದಿನಾರನ್ನೇ ಇಡಬಹುದಲ್ಲ ಎಂದರು. ದ್ವಿಮಾನದಲ್ಲಿ 2 ಎಂಬ ಅಂಕಿ ಏಕಿಲ್ಲವೆಂಬುದಕ್ಕೆ ಇದಕ್ಕಿಂತ ಸರಳವಾದ ಉತ್ತರವನ್ನು ನಾನು ಕೇಳಿಲ್ಲ. ಮನೆಗೆಲಸಕ್ಕೆ ಕೊಟ್ಟ ಸಂಖ್ಯೆಯೂ ಊರಿನದೇ: ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ 1720 ಮೆಗಾವ್ಯಾಟ್. ಉತ್ತರ 11010111000, ಕೊನೆಗೆ ಮೂರು ಸೊನ್ನೆ ಬಂದದ್ದರಿಂದ ಸಂಖ್ಯೆ 8ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂಬುದನ್ನು ಮಕ್ಕಳೇ ಕಂಡುಹಿಡಿದರು.

ತಕರಾರು ಇರುವುದು ಅಚ್ಚು ಹಾಕಿದ ನೋಟ್ಸಿನ ಮೇಲೆ. ಅದರಲ್ಲಿ 2ರಿಂದ ಭಾಗಿಸುತ್ತ ಹೋಗಿ ಶೇಷಗಳನ್ನು ಬರೆದುಕೊಳ್ಳುವ ವಿಧಾನಕ್ಕೆ ಮೂರು ಉದಾಹರಣೆಗಳಿವೆ: 9, 21, 45. ಇವುಗಳ ದ್ವಿಮಾನ ರೂಪಗಳು 1001, 10101, 101101. ಮೂರನ್ನೂ ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ! ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು ಎಂಬ ಸಾಲು ನೋಟ್ಸಿನಲ್ಲಿ ಇದೆ, ಆದರೆ ಉದಾಹರಣೆಗಳು ಆ ಸಾಲನ್ನು ಮರೆತವರನ್ನು ಹಿಡಿದುಕೊಡುವುದಿಲ್ಲ. ನನ್ನ ಮಗಳು ಮೂರನ್ನೂ ಮೇಲಿನಿಂದ ಕೆಳಕ್ಕೆ ಓದಿ, ಮೂರೂ ಸರಿಯೆಂದು ತಾನೇ ಗುರುತು ಹಾಕಿಕೊಂಡಿದ್ದಳು. ನಾನು ಅದೇ 26ನ್ನು ಭಾಗಾಕಾರದಿಂದ ಮಾಡಲು ಹೇಳಿದಾಗ ಶೇಷಗಳು 0, 1, 0, 1, 1 ಎಂದು ಸರಿಯಾಗಿಯೇ ಬಂದವು; ಅವಳು ಬರೆದ ಉತ್ತರ ಮಾತ್ರ 01011, ಅಂದರೆ 11. ಇಪ್ಪತ್ತಾರು ಕಿಲೋ ಕೇಳಿದ ಗಿರಾಕಿಗೆ ಹನ್ನೊಂದು ಕಿಲೋ ಕೊಟ್ಟಂತಾಯಿತು.

ಮರುದಿನ ಇದನ್ನು ಮೇಷ್ಟ್ರಿಗೆ ತೋರಿಸಿದೆ. ಅವರು ನೋಟ್ಸು ತಮ್ಮದಲ್ಲ, ಆಫೀಸಿನದು ಎಂದರು. ಆದರೂ ಅರ್ಧ ತಾಸು ಅದಕ್ಕೇ ಕೊಟ್ಟರು. ಮೊದಲ ಭಾಗಾಕಾರದ ಶೇಷವು ಸಂಖ್ಯೆ ಸಮವೋ ಬೆಸವೋ ಎಂಬುದನ್ನಷ್ಟೇ ಹೇಳುವುದರಿಂದ ಅದು ಒಂದರ ಕಲ್ಲು, ಕಟ್ಟಕಡೆಗೆ ಉಳಿಯುವ ಶೇಷವೇ ಎಲ್ಲಕ್ಕಿಂತ ಭಾರದ ಕಲ್ಲು, ಆದ್ದರಿಂದಲೇ ಬರೆಯುವಾಗ ಕೆಳಗಿನಿಂದ ಹೊರಡಬೇಕು ಎಂದು ಅವರು ವಿವರಿಸಿದ ಮೇಲೆ ಮಗಳು ಆ ತಪ್ಪನ್ನು ಮತ್ತೆ ಮಾಡಿಲ್ಲ.

ದಶಾಂಶ ಬಿಂದುವಿನ ಆಚೆಯ ಭಾಗವನ್ನು ಮಾತ್ರ ಅವಸರದಲ್ಲಿ ಮುಗಿಸಿದರು. 0.625ನ್ನು 2ರಿಂದ ಗುಣಿಸುತ್ತ ಹೋಗಿ, ಪೂರ್ಣಾಂಕಗಳನ್ನು ಈ ಸಲ ಮೇಲಿನಿಂದಲೇ ಓದಿದರೆ 0.101 ಎಂದರು, ಏಕೆಂದು ಹೇಳಲಿಲ್ಲ. ನಮ್ಮ ಅಜ್ಜನ ಲೆಕ್ಕದಲ್ಲಿ ಇದು ಹದಿನಾರಾಣೆಯ ರೂಪಾಯಿಯಲ್ಲಿ ಹತ್ತಾಣೆ: ಎಂಟಾಣೆ ಒಂದು, ನಾಲ್ಕಾಣೆ ಇಲ್ಲ, ಎರಡಾಣೆ ಒಂದು. 1957ರಲ್ಲಿ ನಯಾ ಪೈಸೆ ಬರುವವರೆಗೆ ಊರಿನ ಸಂತೆಯೇ ಈ ಲೆಕ್ಕದಲ್ಲಿ ನಡೆದಿತ್ತು. ಹತ್ತು ಪೈಸೆಯನ್ನು, ಅಂದರೆ 0.1ನ್ನು, ಹೀಗೆ ಅರ್ಧ, ಕಾಲು, ಅರೆಕಾಲು ಎಂದು ಬರೆಯುತ್ತ ಹೋದರೆ ಎಂದಿಗೂ ಮುಗಿಯದೆ 0.000110011… ಎಂದು ಸಾಗುತ್ತದೆ. ಅದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ಋಣ ಸಂಖ್ಯೆಗಳಿಗೆ ಕೊನೆಯ ದಿನ ಇಪ್ಪತ್ತು ನಿಮಿಷ ಸಿಕ್ಕಿತು, ಅದು ಯಾರಿಗೂ ಹತ್ತಲಿಲ್ಲ.

ಮೇಷ್ಟ್ರು ಶೇಷ, ಭಾಗಲಬ್ಧ ಎನ್ನುತ್ತಲೇ ಇಂಗ್ಲಿಷ್ ಪದಗಳನ್ನೂ ಜೊತೆಗೆ ಹೇಳುತ್ತಿದ್ದುದರಿಂದ, ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಹಿಂದೆ ಬೀಳಲಿಲ್ಲ. ಕೋಣೆಯಲ್ಲಿ ಎರಡು ಫ್ಯಾನುಗಳಿದ್ದು ಒಂದೇ ತಿರುಗುತ್ತದೆ, ಏಪ್ರಿಲ್ ತಿಂಗಳ ರಾಯಚೂರಿಗೆ ಅದು ಸಾಲದು. ಈ ಮೇಷ್ಟ್ರೇ ಪಾಠ ಮಾಡುವುದಾದರೆ 1,200 ರೂಪಾಯಿ ಹೆಚ್ಚೆನಿಸುವುದಿಲ್ಲ. ಸೇರುವವರು ನೋಟ್ಸು ಕೈಗೆ ಬಂದ ದಿನವೇ ಆ ಪುಟದಲ್ಲಿ 45ನ್ನು ಹೊಡೆದುಹಾಕಿ 26 ಎಂದು ಬರೆದುಕೊಳ್ಳಬೇಕು.