ತ್ರೀಎಂ 1110 ಇಯರ್‌ಪ್ಲಗ್: ಕ್ರಷರ್, ಗ್ರೈಂಡರ್ ಸದ್ದಿಗೆ ಇದು ಸಾಕೇ?

ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿಯ ಕಾರ್ಖಾನೆಗಳವರಿಗಾಗಲಿ, ಚಿಕ್ಕಬಳ್ಳಾಪುರದ ಕಡೆಯ ಜಲ್ಲಿ ಕ್ರಷರ್‌ಗಳವರಿಗಾಗಲಿ ಸುಲಭವಾಗಿ ಸಿಗುವ ಕಿವಿರಕ್ಷಣೆ ತ್ರೀಎಂ ಕಂಪನಿಯ ಈ 1110: ದಾರ ಕಟ್ಟಿದ, ಕಿತ್ತಳೆ ಬಣ್ಣದ, ತುದಿ ಸಣ್ಣಗಾದ ಮೆತ್ತನೆಯ ಫೋಮ್ ಬತ್ತಿಗಳ ಜೋಡಿ. ದಾರವಿಲ್ಲದ್ದು ಬೇಕಿದ್ದರೆ 1100 ಕೇಳಬೇಕು. ಮಾಲು ಒಳ್ಳೆಯದು. ಆದರೆ ಕಿವಿಯ ಬಾಯಿಗೆ ಸುಮ್ಮನೆ ಸಿಕ್ಕಿಸಿಕೊಂಡು ಪಾಳಿ ಪೂರ್ತಿ ನಿಲ್ಲುವವರಿಗೆ ಇದರಿಂದ ಸಿಗಬೇಕಾದ್ದರಲ್ಲಿ ಅರ್ಧವೂ ಸಿಗುವುದಿಲ್ಲ.

ಪೊಟ್ಟಣದ ಮೇಲಿನ ಎನ್‌ಆರ್‌ಆರ್ (ಸದ್ದು ತಗ್ಗಿಸುವ ಅಂಕಿ) 29 ಎಂಬುದನ್ನು ನೋಡಿ, 29 ಡೆಸಿಬೆಲ್ (ಸದ್ದಿನ ಅಳತೆ) ಸದ್ದು ಕಡಿಮೆಯಾಯಿತು ಎಂದುಕೊಳ್ಳುವುದೇ ಮೊದಲ ತಪ್ಪು. ಅದು ಪ್ರಯೋಗಾಲಯದಲ್ಲಿ, ತಿಳಿದವರ ಕಣ್ಣೆದುರಿಗೆ ಸರಿಯಾಗಿ ಹಾಕಿಸಿ ಅಳೆದ ಅಂಕಿ. ಹಿಂಡಿ ಹಾಕುವ ಫೋಮ್ ಪ್ಲಗ್‌ಗೆ ಪೊಟ್ಟಣದ ಅಂಕಿಯಲ್ಲಿ ಅರ್ಧ ಮಾತ್ರ ಹಿಡಿಯಿರಿ, ಮೀಟರಿನ ಡಿಬಿಎ (ಮನುಷ್ಯರ ಕಿವಿಗೆ ಹೊಂದಿಸಿದ ಡೆಸಿಬೆಲ್) ಅಳತೆಗೆ ಹೊಂದಿಸಲು ಇನ್ನೂ 7 ಕಳೆಯಿರಿ ಎಂದು ಕೆಲಸಗಾರರ ಸುರಕ್ಷತೆ, ಆರೋಗ್ಯದ ಅಧ್ಯಯನ ಮಾಡುವ ಅಮೆರಿಕದ ನಯೋಶ್ ಸಂಸ್ಥೆ 1998ರಲ್ಲಿ ಹೇಳಿತು. ಹಾಗಾದರೆ 29ರಲ್ಲಿ ಉಳಿಯುವುದು ಏಳೂವರೆ!

ಇದನ್ನು ಕೆಲಸಕ್ಕೆ ಹಚ್ಚಿ ನೋಡೋಣ. ಅದೇ ಸಂಸ್ಥೆಯ ಪ್ರಕಾರ 85 ಡೆಸಿಬೆಲ್‌ನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್‌ಗೆ ಹೊತ್ತು ಅರ್ಧವಾಗುತ್ತದೆ. ಆ್ಯಂಗಲ್ ಗ್ರೈಂಡರ್ ಹಿಡಿದವರ ಕಿವಿಯ ಬಳಿ 97 ಇದ್ದರೆ ಬರಿಗಿವಿಯಲ್ಲಿ ಅರ್ಧ ಗಂಟೆಗೆ ಮಿತಿ ಮುಗಿಯಿತು. ಏಳೂವರೆ ಕಳೆದರೆ ಒಳಗೆ 89.5, ಮೂರು ಗಂಟೆಯೂ ಸಿಗುವುದಿಲ್ಲ. ಅದೇ ಬತ್ತಿ ಆಳವಾಗಿ ಕೂತು 20 ತಡೆದರೆ ಒಳಗೆ 77, ಪಾಳಿ ಪೂರ್ತಿ ನಿಶ್ಚಿಂತೆ. ಬತ್ತಿ ಒಂದೇ, ಬೆಲೆ ಒಂದೇ. ವ್ಯತ್ಯಾಸವೆಲ್ಲ ಕೂತ ಆಳದ್ದು. 1948ರ ಕಾರ್ಖಾನೆ ಕಾಯ್ದೆಯಡಿಯ ನಮ್ಮ ಮಾದರಿ ನಿಯಮಗಳು 8 ಗಂಟೆಗೆ 90 ಡೆಸಿಬೆಲ್‌ವರೆಗೆ ಬಿಟ್ಟಿದ್ದವು, ಆದರೆ ಕಿವಿ ಉಳಿಯಬೇಕಾದರೆ 85ನ್ನೇ ಗೆರೆ ಎಂದಿಟ್ಟುಕೊಳ್ಳಿ.

ಹಾಕುವ ಕ್ರಮ ಹೀಗೆ. ಮೊದಲು ಕೈ ತೊಳೆಯಬೇಕು. ಕಲ್ಲುಪುಡಿ, ಗ್ರೀಸ್ ಹತ್ತಿದ ಬೆರಳಲ್ಲಿ ಹಿಂಡಿದರೆ ಅದೆಲ್ಲ ಕಿವಿಯೊಳಕ್ಕೇ ಹೋಗುತ್ತದೆ. ಒಂದು ಸಲಕ್ಕೆ ಒಂದೇ ಬತ್ತಿಯನ್ನು ತೆಗೆದುಕೊಂಡು, ದೀಪದ ಬತ್ತಿ ಹೊಸೆದ ಹಾಗೆ, ಸುಕ್ಕಿಲ್ಲದಂತೆ ಆದಷ್ಟು ಸಣ್ಣಗೆ ಉರುಳಿಸಿ. ಸುಕ್ಕು ಉಳಿದರೆ ಅದೇ ಸದ್ದು ನುಗ್ಗುವ ಓಣಿ. ಬಲಗಿವಿಗಾದರೆ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ತುದಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಕಿವಿಯ ನಾಳ ಡೊಂಕಾಗಿರುತ್ತದೆ, ಎಳೆದಾಗ ನೆಟ್ಟಗಾಗುತ್ತದೆ. ಹೆಚ್ಚಿನವರು ಬಿಡುವುದು ಈ ಒಂದು ಹೆಜ್ಜೆಯನ್ನೇ, ಕೆಡುವುದೂ ಇಲ್ಲಿಯೇ. ಬತ್ತಿ ಉಬ್ಬುವ ಮೊದಲೇ ಒಳಗೆ ತಳ್ಳಿ, ಬೆರಳ ತುದಿಯಿಂದ 30 ಸೆಕೆಂಡ್ ಒತ್ತಿ ಹಿಡಿಯಿರಿ. ಬೇಗ ಬಿಟ್ಟರೆ ಉಬ್ಬುತ್ತ ಉಬ್ಬುತ್ತ ಹೊರಕ್ಕೆ ಜಾರುತ್ತದೆ.

ಕೂತಿದೆಯೋ ಇಲ್ಲವೋ ಎಂದು ತಿಳಿಯುವುದು ಸುಲಭ. ಮಷೀನ್ ಓಡುತ್ತಿರುವಾಗ ಎರಡೂ ಅಂಗೈಯಿಂದ ಕಿವಿ ಮುಚ್ಚಿ, ತೆಗೆಯಿರಿ. ಸದ್ದಿನಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಬತ್ತಿ ಸಡಿಲವಾಗಿದೆ, ಮತ್ತೆ ಹಾಕಬೇಕು. ಎದುರಿಗೆ ನಿಂತವರಿಗೆ ಕಿತ್ತಳೆ ಬಣ್ಣ ಎದ್ದು ಕಾಣುತ್ತಿದ್ದರೂ ಅಷ್ಟೇ. ತೆಗೆಯುವಾಗ ದಾರ ಹಿಡಿದು ಜಗ್ಗಬೇಡಿ. ಒಳಗೆ ಗಾಳಿ ಸೆಳೆದು ಕಿವಿತಮಟೆಗೆ ನೋವಾಗುತ್ತದೆ. ಮೆಲ್ಲಗೆ ತಿರುಗಿಸುತ್ತ ತೆಗೆಯಿರಿ.

ದಾರದ ಅನುಕೂಲ ಊಟದ ಬಿಡುವಿನಲ್ಲಿ ಗೊತ್ತಾಗುತ್ತದೆ: ಕತ್ತಿನಲ್ಲಿ ನೇತಾಡುತ್ತದೆ, ಮಣ್ಣಿಗೆ ಬೀಳುವುದಿಲ್ಲ. ಆದರೆ ಲೇತ್, ಕನ್ವೇಯರ್ ಬೆಲ್ಟ್, ತಿರುಗುವ ಶಾಫ್ಟ್ ಹತ್ತಿರದವರು ಇದನ್ನು ಮುಟ್ಟಬಾರದು. ದಾರ ಸಿಕ್ಕಿಕೊಳ್ಳುವ ಅಪಾಯವಿದೆ, ಅಲ್ಲಿಗೆ ದಾರವಿಲ್ಲದ 1100 ಸರಿ. ತೊಳೆದು ವಾರಗಟ್ಟಲೆ ಬಳಸುವ ಮಾಲೂ ಇದಲ್ಲ. ಹಿಂಡಿ ಬಿಟ್ಟಾಗ ಮೊದಲಿನ ಆಕಾರಕ್ಕೆ ಬರದಿದ್ದರೆ, ಗಟ್ಟಿಯಾಗಿದ್ದರೆ, ಕೊಳೆಯಾಗಿದ್ದರೆ ಎಸೆಯಬೇಕು. ತಿಂಗಳಿಗೊಂದು ಜೊತೆ ಕೊಟ್ಟು ಕೈ ತೊಳೆದುಕೊಳ್ಳುವ ಮಾಲೀಕರು ಇದನ್ನು ತಿಳಿದಿರಬೇಕು.

ಕಿವಿ ಸೋರುವವರಿಗೆ, ನಾಳದಲ್ಲಿ ಹುಣ್ಣಿರುವವರಿಗೆ ಇದು ಬೇಡವೇ ಬೇಡ. ಅವರಿಗೆ ಕಿವಿಯನ್ನು ಹೊರಗಿನಿಂದ ಮುಚ್ಚುವ ಇಯರ್‌ಮಫ್ ತಕ್ಕುದು. ಗಳಿಗೆಗೊಮ್ಮೆ ತೆಗೆದು ಹಾಕುವ ಕೆಲಸಕ್ಕೂ ಮಫ್ ಮೇಲು, ಏಕೆಂದರೆ ಕೊಳಕು ಕೈಯಲ್ಲೂ ಹಾಕಿಕೊಳ್ಳಬಹುದು. ಆದರೆ ಕನ್ನಡಕದ ಕಡ್ಡಿ, ತಲೆಗೆ ಸುತ್ತಿದ ಟವೆಲ್, ಸೆರಗು ಮೆತ್ತೆಯ ಕೆಳಗೆ ಸಿಕ್ಕರೆ ಅಲ್ಲಿಂದಲೇ ಸದ್ದು ನುಗ್ಗುತ್ತದೆ. ನಮ್ಮ ಬಿಸಿಲಿನಲ್ಲಿ ಬೆವರೂ ವಿಪರೀತ. ಬಂಡೆ ಕೊರೆಯುವ ಕಂಪ್ರೆಸರ್ ಡ್ರಿಲ್ ಹಿಡಿಯುವವರು ಬತ್ತಿಯ ಮೇಲೆ ಮಫ್ ಕೂಡ ಹಾಕಬೇಕು. ಎರಡರ ಅಂಕಿ ಕೂಡುವುದಿಲ್ಲ. ಹೆಚ್ಚಿನದರ ಮೇಲೆ ಸುಮಾರು 5 ಡೆಸಿಬೆಲ್ ಸೇರುತ್ತದೆ, ಅಷ್ಟೂ ಅಲ್ಲಿ ಬೇಕು.

ತೆಗೆದಿಟ್ಟ ಹೊತ್ತು ಎಷ್ಟು ದುಬಾರಿ ಎಂಬುದನ್ನು ಯಾರೂ ಲೆಕ್ಕ ಹಾಕುವುದಿಲ್ಲ. 30 ಡೆಸಿಬೆಲ್ ತಡೆಯುವ ಸಾಧನವನ್ನು 8 ಗಂಟೆಯಲ್ಲಿ ಅರ್ಧ ಗಂಟೆ ಸದ್ದಿನಲ್ಲೇ ತೆಗೆದಿಟ್ಟರೆ ಒಟ್ಟು ದಿನಕ್ಕೆ ಸಿಗುವ ರಕ್ಷಣೆ ಸುಮಾರು 12ಕ್ಕೆ ಇಳಿಯುತ್ತದೆ. ಅರ್ಧ ದಿನ ತೆಗೆದರೆ ಬರೀ 3. ಫೋನ್ ಬಂದರೆ ಷೆಡ್ಡಿನ ಹೊರಗೆ ದೂರ ಹೋಗಿಯೇ ಬತ್ತಿ ತೆಗೆಯಿರಿ.

ಹತ್ತಿ ತುರುಕಿಕೊಳ್ಳುವುದನ್ನು ಇದರ ಜೊತೆ ಹೋಲಿಸಲೇಬಾರದು, ಅದು ತಡೆಯುವುದು ಕೆಲವೇ ಡೆಸಿಬೆಲ್. ಇಯರ್‌ಫೋನ್ ಹಾಕಿ ಹಾಡು ಕೇಳುವುದು ಇನ್ನೂ ಕೆಟ್ಟದ್ದು: ಮಷೀನಿನ ಸದ್ದನ್ನು ಮೀರಿಸಲು ಹಾಡನ್ನೇ ಏರಿಸುತ್ತಾರೆ. ಅತ್ತ 85ರ ಆಸುಪಾಸಿನ ಸದ್ದಿಗೆ ಅತಿ ಗಟ್ಟಿ ರಕ್ಷಣೆಯೂ ತೊಂದರೆಯೇ. ಒಳಗೆ 70ಕ್ಕಿಂತ ಕೆಳಗಿಳಿದರೆ ರಿವರ್ಸ್ ಬರುವ ಟಿಪ್ಪರಿನ ಹಾರನ್ ಕೇಳಿಸದೇ ಹೋಗಬಹುದು. 75ರಿಂದ 80ರ ಒಳಗಿದ್ದರೆ ಹದ.

ಇಷ್ಟು ಹಟ ಹಿಡಿಯಲು ಕಾರಣವಿದೆ. ಒಳಗಿವಿಯ ಶಂಖದಲ್ಲಿ ಸದ್ದನ್ನು ಹಿಡಿಯುವ ಕೂದಲುಕೋಶಗಳು ಹುಟ್ಟುವಾಗ ಸುಮಾರು 15,000. ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಸಂಜೆ ಮನೆಗೆ ಬಂದಾಗ ಕಿವಿ ಗುಂಯ್‌ಗುಟ್ಟಿ, ಬೆಳಿಗ್ಗೆ ಸರಿಹೋದರೆ ಅದು ವಾಸಿಯಾದಂತಲ್ಲ, ಎಚ್ಚರಿಕೆ. ಮೊದಲು ಹೋಗುವುದು 4,000 ಹರ್ಟ್ಸ್ ಸುತ್ತಲಿನ ತೀಕ್ಷ್ಣ ಸದ್ದು. ಸ, ಶ, ಚ ಅಕ್ಷರಗಳು ಮಸುಕಾಗುತ್ತವೆ. 'ಸಾಲು' ಅಂದರೋ 'ಹಾಲು' ಅಂದರೋ ಗೊತ್ತಾಗುವುದಿಲ್ಲ. ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ.

ಕೆಲಸದ ಜಾಗದಲ್ಲಿ ಒಂದು ತೋಳಿನಳತೆ ದೂರದವರೊಡನೆ ದನಿ ಏರಿಸಿ ಮಾತಾಡಬೇಕಾದರೆ ಸದ್ದು 85 ದಾಟಿದೆ ಎಂದೇ ತಿಳಿದು ಬತ್ತಿ ಹಾಕಿ. ಕಾರ್ಖಾನೆಯ ಸದ್ದಿನಿಂದಾಗುವ ಕಿವುಡು ಕಾನೂನಿನ ಅನುಸೂಚಿಯಲ್ಲಿರುವ ಕಾಯಿಲೆ, ಅಂದರೆ ಅದನ್ನು ವರದಿ ಮಾಡಲೇಬೇಕು. ವರ್ಷಕ್ಕೊಮ್ಮೆ ಆಡಿಯೋಗ್ರಾಂ (ಕಿವಿ ಎಷ್ಟು ಕೇಳಿಸುತ್ತದೆಂದು ಅಳೆಯುವ ಪರೀಕ್ಷೆ) ಮಾಡಿಸಿ, ಹಳೆಯ ಚೀಟಿಗಳನ್ನು ಎಸೆಯದೆ ಇಟ್ಟುಕೊಳ್ಳಿ. ಪರೀಕ್ಷೆಗೆ ಮುಂಚೆ 14 ಗಂಟೆ ಕಿವಿ ಸದ್ದಿನಿಂದ ದೂರವಿರಬೇಕು. ಹಾಗಾಗಿ ವಾರದ ರಜೆಯ ಮರುದಿನ, ಪಾಳಿಗೆ ಹೋಗುವ ಮೊದಲೇ ಮಾಡಿಸುವುದು ಸರಿ.